ಶೆಡ್ಡಿನೊಳಗೆ ಮೂರು ವಿಮಾನ, ಹೊಟ್ಟೆಯೊಳಗೆ ಒಂದು ಕಿಚ್ಚು

ನಮ್ಮ ಶೆಡ್ಡಿನಲ್ಲಿ ಏನೂ ಆಗದ ವಾರವೇ ಇಲ್ಲ. ಆದದ್ದನ್ನು ಊರಲ್ಲಿ ಹೇಳಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ನನಗೆ ಮಾತ್ರ ಅದನ್ನೆಲ್ಲ ನೆನೆದರೆ ನಗು ಅರ್ಧ, ಹೊಟ್ಟೆಕಿಚ್ಚು ಅರ್ಧ. ಕೆಲವು ಸಲ ಹೊಟ್ಟೆಕಿಚ್ಚೇ ಮುಕ್ಕಾಲು.

ಹಳಿಯಾಳದಿಂದ ದಾಂಡೇಲಿಗೆ ಹೋಗುವ ಹಾದಿಯಿಂದ ಸ್ವಲ್ಪ ಒಳಗೆ, ಕಬ್ಬಿನ ಹೊಲಗಳ ನಡುವೆ ಒಂದು ಖಾಸಗಿ ಮೈದಾನವಿದೆ. ಉದ್ದಕ್ಕೆ ರೋಲರ್ ಹೊಡೆದ ಪಟ್ಟಿ, ಪಕ್ಕದಲ್ಲಿ ತಗಡಿನ ಶೆಡ್ಡು. ಒಳಗೆ ಇಬ್ಬರೇ ಕೂರಬಹುದಾದ ಸಣ್ಣ ವಿಮಾನಗಳು. ನಡೆಸುವವರಿಗೊಂದು ಕುರ್ಚಿ, ಜೊತೆಗಾರರಿಗೊಂದು. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ನಿವೃತ್ತನಾದ ಮೇಲೆ ನಾನು ಈ ಶೆಡ್ಡಿನ ಉಸ್ತುವಾರಿಗೆ ಬಂದೆ. ವಿಮಾನ ಹೊರಗೆ ಎಳೆಯುವುದು, ಒರೆಸುವುದು, ಒಳಗೆ ತಳ್ಳುವುದು. ಕೆಲಸಕ್ಕೆ ಕರೆದ ದಿನ ಹಳಿಯಾಳದ ಡಾಕ್ಟರು, ಅಂದರೆ ಮೊದಲ ವಿಮಾನದ ಮಾಲಕರು, ನನ್ನ ಬೆನ್ನು ತಟ್ಟಿ ಒಂದು ಮಾತು ಹೇಳಿದ್ದರು.

"ಕಾಕಾ, ನಿಮ್ಮನ್ನ ಒಂದಿನಾ ಮ್ಯಾಲ ಕರ್ಕೊಂಡ್ ಹೋಗ್ತೇನಿ. ನನ್ನ ಬಾಜೂಕ ಕುಂಡ್ರಸ್ಕೊಂಡು."

ಆ ಒಂದು ಮಾತು ನಂಬಿಕೊಂಡು ನಾನು ಸೇರಿದವನು. ಆಮೇಲೆ ಯಾರ‍್ಯಾರು ಹಾರಿದರು, ಯಾರು ಹಾರಲಿಲ್ಲ, ಅದೇ ಮುಂದಿನ ಕಥೆ.

ಮದುವೆ ಮನೆಯ ಮಲಗುವ ಪದ್ಧತಿ

ಶೆಡ್ಡು ಕಟ್ಟಿದ್ದು ಡಾಕ್ಟರ ಒಂದೇ ವಿಮಾನಕ್ಕೆ. ಅದು ಒಳಗೆ ಆರಾಮಾಗಿ ಕಾಲು ಚಾಚಿಕೊಂಡು ಇತ್ತು. ಇದನ್ನು ನೋಡಿ ಹಳಿಯಾಳದ ಕಬ್ಬಿನ ಸಾವ್ಕಾರರಿಗೆ ನಿದ್ದೆ ಬರಲಿಲ್ಲ. ಡಾಕ್ಟರ ಹತ್ತಿರ ಇರುವುದು ತಮ್ಮ ಹತ್ತಿರ ಇಲ್ಲವೆಂದರೆ ಅವರಿಗೆ ಅನ್ನ ಇಳಿಯುವುದಿಲ್ಲ. ಮೊದಲು ಹಾರುವುದು ಕಲಿತರು, ಆಮೇಲೆ ಒಂದು ವಿಮಾನ ತಂದರು, ತಂದ ಮೇಲೆ ನನ್ನ ಕಡೆ ನೋಡಿದರು.

"ಕಾಕಾ, ಇದನ್ನ ಒಳಗ ಹಾಕ್ರಿ."

"ಸಾವ್ಕಾರ್ರ, ಶೆಡ್ ಒಂದಕ್ಕ ಕಟ್ಟಿದ್ದರೀ."

"ಮನಿ ಕಟ್ಟೂವಾಗೂ ಹಿಂಗ ಅಂತಾರ. ಆಮ್ಯಾಲ ಬೀಗರು ಬಂದ್ರ ಹೊರಗ ನಿಲ್ಲಸ್ತಾರೇನು?"

ಆ ಮಾತಿಗೆ ನನಗೆ ಮುಂಡಗೋಡ ತಾಲೂಕಿನ ಪಾಳಾದಲ್ಲಿ, ನನ್ನ ಮಾವನ ಮನೆಯಲ್ಲಿ ನಡೆದ ಮದುವೆ ನೆನಪಾಯಿತು. ಒಂದು ಕೋಣೆಯಲ್ಲಿ ಊರ ತುಂಬ ನೆಂಟರು. ಒಬ್ಬ ತಲೆ ಇಟ್ಟ ಕಡೆ ಇನ್ನೊಬ್ಬನ ಕಾಲು. ಒಬ್ಬನ ಕೈ ಇನ್ನೊಬ್ಬನ ಎದೆಯ ಮೇಲೆ. ಎಲ್ಲರೂ ಹಿಡಿಸಿದ್ದರು. ಡಾಕ್ಟರ ವಿಮಾನದ ರೆಕ್ಕೆ ಹೊಟ್ಟೆಯ ಕೆಳಗೆ, ಸಾವ್ಕಾರರದು ತಲೆಯ ಮೇಲೆ. ಒಂದನ್ನು ಮೂಗು ಮುಂದಾಗಿ, ಇನ್ನೊಂದನ್ನು ಬಾಲ ಮುಂದಾಗಿ ತಳ್ಳಿದೆ. ಕೆಳಗಿನ ರೆಕ್ಕೆಯ ಮೇಲೆ ಮೇಲಿನ ರೆಕ್ಕೆ ಬಂದು ನಿಂತಿತು. ನಡುವೆ ಅಂಗೈ ಅಗಲ ಗಾಳಿ.

ಸಂಜೆ ಡಾಕ್ಟರು ಬಂದು ನೋಡಿ ದಂಗಾದರು. "ಇದೇನ್ರಿ ಕಾಕಾ, ಅವರದು ನನ್ನದರ ಮ್ಯಾಲ ಕೈ ಹಾಕ್ಕೊಂಡ್ ಮಲಗೈತಿ?"

"ಬೀಗರ ಪದ್ಧತಿರೀ," ಅಂದೆ.

ಇಬ್ಬರೂ ಖುಷಿಯಾದರು. ಖುಷಿಗೆ ಒಂದು ಸುತ್ತು ಹಾರಬೇಕೆಂದು ಸಾವ್ಕಾರರಿಗೆ ಅನ್ನಿಸಿತು. ನಾನು ತಲೆಗೆ ಟವೆಲ್ ಬಿಗಿಯಾಗಿ ಸುತ್ತಿಕೊಂಡು ತಯಾರಾದೆ. ಅವರು ನನ್ನನ್ನು ದಾಟಿಕೊಂಡು ಹೋಗಿ, ಆಗತಾನೇ ಸೈಕಲ್ ನಿಲ್ಲಿಸಿದ ಹಾಲಿನವನನ್ನು ಕರೆದರು. ನನ್ನನ್ನು ಯಾಕೆ ಕರೆಯಲಿಲ್ಲವೆಂದು ನಾನು ಕೇಳಿಯೇ ಬಿಟ್ಟೆ.

"ಅಲ್ಲರೀ ಕಾಕಾ," ಅಂದರು ಸಾವ್ಕಾರರು, "ನೀವ ಮ್ಯಾಲ ಬಂದ್ರ ಕೆಳಗ ಯಾರ ನೋಡ್ತಾರ? ಈ ಜೋಡಣಿ ನಿಮ್ಮನ್ನ ಬಿಟ್ರ ಯಾರಿಗೂ ತಿಳ್ಯೂದಿಲ್ಲ."

ಹಾಲಿನವ ಹಾರಿದ. ನಾನು ಅವನ ಕ್ಯಾನು ಕಾಯ್ದೆ. ಮರುದಿನದಿಂದ ಅವನು ಹಾಲಿಗೆ ನೀರು ಹಾಕುತ್ತಾನೆಂದು ನಾನು ಹೇಳಿದರೆ ಯಾರೂ ನಂಬಲಿಲ್ಲ. ವಿಮಾನದಲ್ಲಿ ಕೂತು ಬಂದವನಲ್ಲವೇ, ತೂಕ ಹೆಚ್ಚಾಗಿತ್ತು.

ಬಾಗಿಲ ಬಳಿಯ ಜಾಗ

ಎರಡು ವಿಮಾನ ಹಿಡಿಸಿದ್ದು ಸರಿ. ಆದರೆ ಒಂದು ಬಾಗಿಲ ಕಡೆ, ಒಂದು ಗೋಡೆಯ ಕಡೆ ಇರಲೇಬೇಕು. ಬಾಗಿಲ ಕಡೆಯದು ಸುಮ್ಮನೆ ಹೊರಗೆ ಬರುತ್ತದೆ. ಗೋಡೆಯ ಕಡೆಯದು ಬರಬೇಕಾದರೆ ಮುಂದಿನದನ್ನು ಎಳೆದು ಬದಿಗೆ ಇಡಬೇಕು. ಹೀಗಾಗಿ ಬಾಗಿಲ ಬಳಿಯ ಜಾಗ ಯಾರದೆಂಬುದು ಮಾನದ ಪ್ರಶ್ನೆಯಾಯಿತು.

ಬೆಳಗಾದರೆ ಡಾಕ್ಟರ ಫೋನು: "ಕಾಕಾ, ಮುಂದ ಯಾರದೈತಿ?"

"ನಿಮ್ಮದ ಐತ್ರಿ ಸಾಹೇಬ್ರ."

ಇಟ್ಟ ಕೂಡಲೇ ಸಾವ್ಕಾರರ ಫೋನು. ಅವರಿಗೂ ಅದೇ ಉತ್ತರ. ಯಾರು ಬರುವ ಸುದ್ದಿ ಸಿಗುತ್ತದೋ ಅವರದನ್ನು ಮುಂದಕ್ಕೆ ಎಳೆದಿಡುತ್ತಿದ್ದೆ. ಬಹಳ ದಿನ ಹೀಗೇ ನಡೆಯಿತು. ಒಂದು ಭಾನುವಾರ ಇಬ್ಬರೂ ಒಂದೇ ಕಾರಿನಲ್ಲಿ ಬಂದಿಳಿದರು. ಹಾದಿಯಲ್ಲಿ ಡಾಕ್ಟರ ಗಾಡಿ ಕೆಟ್ಟಿತ್ತಂತೆ, ಸಾವ್ಕಾರರು ಹತ್ತಿಸಿಕೊಂಡು ಬಂದಿದ್ದರು. ಬಾಗಿಲು ತೆಗೆದರೆ ಮುಂದಿರುವುದು ಡಾಕ್ಟರದು. ಸಾವ್ಕಾರರ ಮುಖ ಕೆಂಪಾಯಿತು.

ನನಗೆ ಎಲ್ಲಿಂದ ಬುದ್ಧಿ ಬಂತೋ ಕಾಣೆ. "ಸಾವ್ಕಾರ್ರ, ಸಿಟ್ಟಾಗಬ್ಯಾಡ್ರಿ. ದೇವರ ಜಗಲಿ ಮನಿ ಒಳಗ ಇರ್ತೈತೋ, ಬಾಗಲಾಗೋ? ದೊಡ್ಡ ಮಂದೀನ ಒಳಗ ಕರದು ಕುಂಡ್ರಸ್ತೀವಿ. ಬಾಗಲಾಗ ಇಡೂದು ಏನು ಹೇಳ್ರಿ? ಚಪ್ಪಲಿ."

ಸಾವ್ಕಾರರು ಮೀಸೆ ತಿರುವಿ ಒಳಗಿನ ತಮ್ಮ ವಿಮಾನವನ್ನು ನೋಡಿದರು. ಡಾಕ್ಟರು ಬಾಗಿಲ ಬಳಿಯ ತಮ್ಮ ವಿಮಾನವನ್ನು ನೋಡಿದರು.

"ಕಾಕಾ," ಅಂದರು ಡಾಕ್ಟರು, ದನಿ ತಗ್ಗಿಸಿ, "ನಂದೂ ಒಳಗ ಹಾಕ್ರಿ."

ಅಂದಿನಿಂದ ಇಬ್ಬರಿಗೂ ಗೋಡೆಯೇ ಬೇಕು. ಎರಡನ್ನೂ ಹಿಂದಿನ ಗೋಡೆಗೆ ಸಮಸಮವಾಗಿ ಒತ್ತಿ ಇಟ್ಟೆ. ಹೊರಗೆ ತೆಗೆಯಲು ಮೊದಲಿನ ಎರಡರಷ್ಟು ಕಷ್ಟ. ಇಬ್ಬರೂ ಬಿಡದೆ ಹೊಗಳಿದರು. ಮಾನದ ಬಾಗಿಲ ಬಳಿ ಈಗ ನನ್ನ ಲೂನಾ ಮೊಪೆಡ್ಡು ನಿಲ್ಲತೊಡಗಿತು.

ಪಂಕ್ಚರಿನವನ ಪುಣ್ಯ

ಖಾಲಿ ಜಾಗ ಎಂಬುದು ಹೆಚ್ಚು ದಿನ ಗುಟ್ಟಾಗಿ ಉಳಿಯುವುದಿಲ್ಲ. ಜೊಯಿಡಾ ಕಡೆ ಕಾಡಿನಲ್ಲಿ ರಿಸಾರ್ಟ್ ನಡೆಸುವ ಮಾಲಕರೊಬ್ಬರು ಒಂದು ದಿನ ಬಂದು ನನ್ನ ಲೂನಾದ ಸುತ್ತ ಮೂರು ಸಲ ತಿರುಗಿದರು. ಮುಂದಿನ ತಿಂಗಳೇ ಗೋವಾ ಕಡೆಯಿಂದ ರಾಮನಗರದ ಮೇಲೆ ಹಾದು ಒಂದು ಟ್ರಕ್ ಬಂತು. ಅದರಲ್ಲಿ ಅವರ ವಿಮಾನ. ವಿಮಾನ ಅನ್ನಬೇಕೆಂದರೆ ಸಂಕಟ. ಮೂರು ಗಾಲಿ, ಹಿಂದೆ ಮುಂದೆ ಎರಡು ಕುರ್ಚಿ, ಬೆನ್ನಿಗೊಂದು ಪಂಖಾ, ನಡುವೆ ನಿಂತ ಕಂಬ. ಆ ಕಂಬಕ್ಕೆ ನೇತುಬೀಳುವ ಬಟ್ಟೆಯ ರೆಕ್ಕೆ. ರೆಕ್ಕೆ ಮಡಚಿ ಮೂಲೆಗೆ ಇಡಬಹುದು. ಕಂಬ ಮಾತ್ರ ಮಡಚುವಂಥದಲ್ಲ.

"ಕಾಕಾ, ಛೋಟಾ ಆಹೇ, ಹಿಡಸ್ತದ," ಅಂದರು ಅವರು.

ಹಿಡಿಸಬೇಕಾದರೆ ಅದು ಸಾವ್ಕಾರರ ರೆಕ್ಕೆಯ ಕೆಳಗೆ ಹೋಗಬೇಕು. ಕಂಬ ನಾಲ್ಕು ಬೆರಳು ಹೆಚ್ಚು ಎತ್ತರ. ಆಗ ನಾನು ಮೂರೂ ಗಾಲಿಯ ಗಾಳಿ ಬಿಟ್ಟೆ. ವಿಮಾನ ಕುಗ್ಗಿತು. ಮೆಲ್ಲಗೆ ಒಳಗೆ ಸರಿಸಿದೆ. ಹಾರುವ ದಿನ ಮತ್ತೆ ಹೊರಗೆ ಎಳೆದು ಪಂಪು ಹೊಡೆಯುವುದು. ಇದನ್ನು ನೋಡಿ ಡಾಕ್ಟರು, "ಕಾಕಾ, ನಿಮ್ಮ ತಲೀ ಭಾಳ ಚಲೋ," ಅಂದರು. ತಲೆ ಚಲೋ ಇದ್ದರೆ ಏನು ಬಂತು? ಮೇಲೆ ಹೋಗುವುದು ಬೇರೆಯವರ ತಲೆ.

ಒಂದು ದಿನ ಮುಂಡಗೋಡದ ಸಂಬಂಧಿಕರ ಮನೆಗೆ ಹೋದವನು ತಡವಾಗಿ ಬಂದೆ. ಅಷ್ಟರಲ್ಲಿ ರಿಸಾರ್ಟ್ ಮಾಲಕರು ಬಂದು ನೋಡಿ, ಮೂರೂ ಗಾಲಿ ಪಂಕ್ಚರ್ ಆಗಿವೆ ಎಂದು ಹಳಿಯಾಳ ಬಸ್ ನಿಲ್ದಾಣದ ಹತ್ತಿರದ ಪಂಕ್ಚರಿನವನನ್ನು ಕರೆಸಿದ್ದರು. ಅವನು ಪಂಕ್ಚರ್ ಹುಡುಕಿದ, ಸಿಗಲಿಲ್ಲ. ಬಂದದ್ದಕ್ಕೆ ಗಾಳಿಯನ್ನಾದರೂ ಹಾಕೋಣವೆಂದು ಒಳಗೇ ಹಾಕತೊಡಗಿದ. ನಾನು ಬಾಗಿಲಿಗೆ ಬರುವುದಕ್ಕೂ ಕಂಬ ಮೇಲೇಳುವುದಕ್ಕೂ ಸರಿಹೋಯಿತು. ಸಾವ್ಕಾರರ ವಿಮಾನ ನಾಯಿ ಕಂಬ ಕಂಡಂತೆ ಮೆಲ್ಲಗೆ ಒಂದು ಕಾಲು ಎತ್ತಿತು.

"ನಿಲ್ಲಸೋ!" ಎಂದು ನಾನು ಕೂಗಿದೆ.

ಪಂಕ್ಚರಿನವ ಹೆದರಿ ಪಂಪು ಬಿಟ್ಟ. ಗಾಳಿ ಬಿಟ್ಟು ಇಳಿಸಿದೆವು. ರೆಕ್ಕೆಗೆ ಏನೂ ಆಗಿರಲಿಲ್ಲ, ಕಂಬಕ್ಕೆ ನಾನೇ ಕಟ್ಟಿದ್ದ ಹಳೇ ಟ್ಯೂಬು ಕಾಪಾಡಿತ್ತು. ಪಾಪ, ಅಷ್ಟು ದೂರ ಬಂದಿದ್ದಾನೆ, ಹೆದರಿದ್ದಾನೆ ಎಂದು ರಿಸಾರ್ಟ್ ಮಾಲಕರು ಮರುಗಿ, ಅವನನ್ನು ಒಂದು ಸುತ್ತು ಹಾರಿಸಿಕೊಂಡು ಬಂದರು.

ಟ್ಯೂಬು ಕಟ್ಟಿದವನು ಕೆಳಗೆ ನಿಂತು ಕೈ ಬೀಸಿದ.

ಬೆಲ್ಟು

ಇದನ್ನು ಹೇಳಬಾರದು ಅಂದುಕೊಂಡಿದ್ದೆ. ಡಾಕ್ಟರ ಮನೆಯಲ್ಲಿ ಒಂದು ನಾಯಿ ಇದೆ. ಕಿವಿ ಜೋತುಬಿದ್ದ, ಬಿಸ್ಕೀಟು ತಿನ್ನುವ ಜಾತಿ. ಒಂದು ದಿನ ಅದನ್ನೂ ಕರೆದುಕೊಂಡು ಬಂದರು. ನಾನು ಉಳಿದೆರಡೂ ವಿಮಾನ ಸರಿಸಿ ಡಾಕ್ಟರದನ್ನು ಹೊರಗೆ ತಂದೆ. ಪಕ್ಕದ ಕುರ್ಚಿ ಒರೆಸಿದೆ. ಈ ಸಲ ಬೇರೆ ಯಾರೂ ಇಲ್ಲ, ನಾನೇ ಎಂದು ಚಪ್ಪಲಿ ಬಿಟ್ಟು ನಿಂತೆ.

"ಕಾಕಾ, ಅದಕ್ಕ ಬೆಲ್ಟ್ ಚಲೋ ಕಟ್ರಿ, ಒದ್ದಾಡ್ತೈತಿ," ಅಂದರು ಡಾಕ್ಟರು.

ನಾಯಿಗೆ ಬೆಲ್ಟು ಕಟ್ಟಿದವನು ನಾನೇ. ಕಿಟಕಿಯಿಂದ ಅದು ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಅದನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ. ಅಂದು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದು ನಿಲ್ಲಿಸದೆ, "ಅದೇನ ನಿಮ್ಮಂಗ ದಿನಾ ಕೇಳಿತ್ತೇನು? ಕೇಳದವರಿಗೆ ಸಿಗತೈತಿ," ಅಂದಳು.

ಮರುದಿನದಿಂದ ಕೇಳುವುದು ಬಿಟ್ಟೆ. ಆಗಲೂ ಸಿಗಲಿಲ್ಲ.

ಒಂದೇ ಆರತಿ

ದಸರೆಯ ಖಂಡೇ ಪೂಜೆ ಬಂತು. ಕಾರ್ಖಾನೆಯವರು ಯಂತ್ರಕ್ಕೆ, ರೈತರು ಟ್ರ್ಯಾಕ್ಟರಿಗೆ ಪೂಜೆ ಮಾಡುವ ದಿನ ನಮ್ಮದು ವಿಮಾನಕ್ಕೆ. ಮೊದಲ ಆರತಿ ಯಾರ ವಿಮಾನಕ್ಕೆ ಎಂದು ಹಿಂದಿನ ವಾರವೇ ಜಗಳ ಹತ್ತಿತು. ಮೊದಲು ಬಂದದ್ದು ನನ್ನದು ಎಂದು ಡಾಕ್ಟರು. ದೊಡ್ಡದು ನನ್ನದು ಎಂದು ಸಾವ್ಕಾರರು. ದಿನಾ ದುಡಿಯುವುದು ನನ್ನದು, ಪ್ರವಾಸಿಗರನ್ನು ಹೊರುತ್ತದೆ ಎಂದು ರಿಸಾರ್ಟ್ ಮಾಲಕರು.

ನಾನು ಮೂರನ್ನೂ ಶೆಡ್ಡಿನ ಮುಂದಿನ ಹುಲ್ಲಿನ ಮೇಲೆ ಮೂಗಿಗೆ ಮೂಗು ಕೂಡಿಸಿ ವರ್ತುಲ ಮಾಡಿ ನಿಲ್ಲಿಸಿದೆ. ನಡುವೆ ಪೂಜೆ ಮಾಡುವ ಅಯ್ಯನವರು ನಿಲ್ಲುವಷ್ಟು ಜಾಗ. ಒಂದು ಸುತ್ತು ಆರತಿ ತಿರುಗಿಸಿದರೆ ಮೂವರಿಗೂ ಒಂದೇ ಸಲ ಆಯಿತು. ಮೂವರೂ ಚಪ್ಪಾಳೆ ತಟ್ಟಿದರು. ಅಯ್ಯನವರನ್ನು ಮೊದಲೇ ನಡುವೆ ನಿಲ್ಲಿಸಿ, ಆಮೇಲೆ ವಿಮಾನ ಸರಿಸಿ ಕೂಡಿಸಿದ್ದೆ. ಪೂಜೆ ಚೆಂದ ಆಯಿತು. ರೆಕ್ಕೆಗಳಿಗೆ ಬಾಳೆಕಂಬ ಕಟ್ಟಿದ್ದೂ ಆಯಿತು. ಒಂದು ಬಾಳೆಕಂಬಕ್ಕೆ ಎರಡು ರೆಕ್ಕೆ, ಒಂದೇ ಹಗ್ಗ. ಊರಲ್ಲಿ ಎರಡು ಚಕ್ಕಡಿಗೆ ಕಟ್ಟುವುದೂ ಹಾಗೆಯೇ.

ಆರತಿ ಮುಗಿಸಿ ಅಯ್ಯನವರು ಹೊರಗೆ ಬರಲು ನೋಡಿದರು. ಒಂದನ್ನು ಎಳೆದರೆ ಹಗ್ಗದ ಜೊತೆ ಇನ್ನೊಂದು ಬರುತ್ತದೆ. ಕೆಳಗೆ ನುಸುಳೋಣವೆಂದರೆ ಸಾವ್ಕಾರರ ರೆಕ್ಕೆಯ ಕೆಳಗೆಲ್ಲ ಬಾಳೆಕಂಬ ಅಡ್ಡ, ಡಾಕ್ಟರ ರೆಕ್ಕೆ ಮೊಣಕಾಲಿನ ಮಟ್ಟಕ್ಕೆ, ಅಯ್ಯನವರ ಹೊಟ್ಟೆ ಅದಕ್ಕಿಂತ ದೊಡ್ಡದು. ಕೈಯಲ್ಲಿ ಉರಿಯುವ ಆರತಿ.

"ಲಗೂ ಮಾಡ್ರಪಾ," ಅಂದರು ಅಯ್ಯನವರು, "ಇನ್ನೂ ಎರಡು ಅಕ್ಕಿ ಗಿರಣಿ, ಒಂದು ವೆಲ್ಡಿಂಗ್ ಅಂಗಡಿ ಪೂಜೆ ಬಾಕಿ ಐತಿ."

ಗಂಟು ನೀರು ಬಿದ್ದು ಬಿಗಿದಿತ್ತು, ಬಿಚ್ಚಲು ಬರಲಿಲ್ಲ. ಕೊನೆಗೆ ಬಾಳೆಕಂಬ ಕಡಿದು ಅಯ್ಯನವರನ್ನು ಬಿಡಿಸಿದೆವು. ತಡವಾಯಿತೆಂದು ಅವರು ರೇಗಿದರು. ಸಾವ್ಕಾರರು ಕೈ ಮುಗಿದು, "ತಪ್ಪಾತ್ರಿ. ಏನ್ ಬೇಕು ಹೇಳ್ರಿ, ಕೊಡ್ತೇನಿ," ಅಂದರು.

ಅಯ್ಯನವರು ವಿಮಾನವನ್ನು ನೋಡಿದರು. ನನಗೆ ಆಗಲೇ ಗೊತ್ತಾಯಿತು.

ಇಳಿದು ಬಂದ ಮೇಲೆ ಅವರು ನನ್ನ ಹೆಗಲ ಮೇಲೆ ಕೈ ಇಟ್ಟು, "ಮ್ಯಾಲಿಂದ ನೋಡಿದ್ರ ಈ ಶೆಡ್ ಬೆಂಕಿಪೊಟ್ಟಣ ಕಂಡಂಗ ಕಾಣಸ್ತೈತಿ. ನೀವಂತೂ ಕಾಣಸೂದ ಇಲ್ಲ," ಅಂದರು. ಆಶೀರ್ವಾದ ಮಾಡುವ ದನಿಯಲ್ಲೇ ಹೇಳಿದರು.

ಕೊನೆಗೂ ಮೇಲೆ

ಹಾಲಿನವ ಹಾರಿದ. ಪಂಕ್ಚರಿನವ ಹಾರಿದ. ನಾಯಿ ಹಾರಿತು. ಅಯ್ಯನವರು ಹಾರಿದರು. ಒಂದು ದಿನ ನನ್ನ ಸಹನೆ ಮುಗಿಯಿತು. ಬೆಳಿಗ್ಗೆ ಮೂರೂ ವಿಮಾನ ಹೊರಗೆ ತಂದು ಹುಲ್ಲಿನ ಮೇಲೆ ನಿಲ್ಲಿಸಿದವನೇ, ಡಾಕ್ಟರ ವಿಮಾನದ ಪಕ್ಕದ ಕುರ್ಚಿಯಲ್ಲಿ ಹೋಗಿ ಕುಳಿತೆ. ಬೆಲ್ಟು ಕಟ್ಟಿಕೊಂಡೆ. ಡಾಕ್ಟರು ಬಂದರು.

"ಇಳೀರಿ ಕಾಕಾ."

"ಇಳ್ಯೂದಿಲ್ರಿ."

"ನೀವ ಮ್ಯಾಲ ಬಂದ್ರ ಕೆಳಗ ಯಾರ..."

"ಯಾರರೆ ನೋಡ್ಲಿ. ಶೆಡ್ ಬೇಕಾದ್ರ ಹಾರಿಹೋಗ್ಲಿ."

ಅಷ್ಟರಲ್ಲಿ ನನ್ನ ಹೆಂಡತಿ ಬುತ್ತಿ ಹಿಡಿದುಕೊಂಡು ಬಂದಳು. ಒಂದು ಕ್ಷಣ ನೋಡಿದಳು, ಡಾಕ್ಟರ ಕಡೆ ತಿರುಗಿದಳು. "ಒಮ್ಮಿ ಒಯ್ದ ಬರ್ರಿ ಸಾಹೇಬ್ರ, ನಿಮಗ ಪುಣ್ಯಾ ಬರ್ತೈತಿ. ಮನ್ಯಾಗ ದಿನಾ ತಲೀ ತಿಂತಾರ. ಇಲ್ಲಿ ನಾ ನೋಡ್ಕೋತೇನಿ."

"ನಿಮಗ ತಿಳೀತೈತೇನ್ರಿ ಕಾಕು?"

"ಅದರಾಗೇನೈತಿ ತಿಳ್ಯೂದು?"

ಆ ಮಾತು ನನಗೆ ಚುಚ್ಚಿತು. ಆದರೆ ಅಷ್ಟರಲ್ಲಿ ಪಂಖಾ ತಿರುಗಿತ್ತು.

ಎದ್ದೆವು. ಎಷ್ಟು ವರ್ಷದ ಆಸೆ! ಡಾಕ್ಟರು ಒಂದೊಂದಾಗಿ ತೋರಿಸತೊಡಗಿದರು. ಅಗೋ ಸಕ್ಕರೆ ಕಾರ್ಖಾನೆಯ ಹೊಗೆ, ಅಗೋ ದಾಂಡೇಲಿ, ಅಗೋ ಕಾಡಿನ ನಡುವೆ ಕಾಳಿ ನದಿ. ನಾನು ನೋಡಲೇ ಇಲ್ಲ. ಯಾಕೆಂದರೆ ಜೊಯಿಡಾ ಕಡೆಯಿಂದ ಒಂದು ಕಪ್ಪು ಮೋಡ ಬರುತ್ತಿತ್ತು. ಅದನ್ನು ಕೆಳಗೆ ನನ್ನ ಹೆಂಡತಿಯೂ ನೋಡಿದ್ದಳು. ಪಕ್ಕದ ಹೊಲದಲ್ಲಿ ಕಬ್ಬಿನ ಕೆಲಸಕ್ಕೆ ಬಂದಿದ್ದ ಸಿದ್ದಿ ಹೆಣ್ಣುಮಕ್ಕಳನ್ನು ಕೂಗಿ ಕರೆದಿದ್ದಳು. ಎಲ್ಲ ಸೇರಿ ಸಾವ್ಕಾರರ ವಿಮಾನವನ್ನು ಒಳಗೆ ತಳ್ಳುತ್ತಿದ್ದರು. ನನ್ನ ಶೆಡ್ಡಿಗೆ! ನನ್ನನ್ನು ಕೇಳದೆ!

"ಬಾಲ ಎಡಕ್ಕ! ಎಡಕ್ಕ!" ಎಂದು ನಾನು ಕಿಟಕಿಗೆ ಹಣೆ ಹಚ್ಚಿ ಅರಚಿದೆ.

ಡಾಕ್ಟರು ಕಿವಿಯ ಮೇಲಿನ ಯಂತ್ರ ಸರಿಮಾಡಿಕೊಂಡರು. "ಕಾಕಾ, ಆ ಕಡೆ ನದಿ ನೋಡ್ರಿ."

"ನದಿ ಎಲ್ಲಿ ಓಡಿಹೋಗತೈತ್ರಿ? ಅಲ್ಲಿ ರೆಕ್ಕಿ ಕಂಬಕ್ಕ ಬಡೀತೈತಿ! ಇಳಸ್ರಿ! ಲಗೂನ ಇಳಸ್ರಿ!"

"ಈಗ ಹತ್ತೀವಲ್ರೀ?"

"ಇಳಸ್ತೀರೋ, ಜಿಗೀಲೋ?"

ಇಳಿಸಿದರು. ನಾನು ಓಡಿ ಹೋಗಿ ನೋಡಿದೆ. ಎರಡು ವಿಮಾನ ಒಳಗೆ ನಿಂತಿದ್ದವು. ಸಾವ್ಕಾರರದನ್ನು ನೆಟ್ಟಗೆ ಒತ್ತದೆ ಮೂಲೆಗೆ ಓರೆಯಾಗಿ ನಿಲ್ಲಿಸಿದ್ದಳು. ಅದರ ರೆಕ್ಕೆ ಚಾಚಿದ ಕಡೆ ಬಿಟ್ಟು ಬಾಲದ ಪಕ್ಕದ ಸಂದಿಯಲ್ಲಿ ಕಂಬದ ವಿಮಾನ. ಅದರ ಗಾಲಿಯ ಗಾಳಿಯನ್ನೂ ಬಿಟ್ಟಿರಲಿಲ್ಲ. ಡಾಕ್ಟರದು ಸುಮ್ಮನೆ ತಳ್ಳಿದರೆ ಸಾಕು, ಒಳಗೆ ಹೋಯಿತು. ಆಮೇಲೂ ನನ್ನ ಲೂನಾಕ್ಕೆ ಜಾಗ ಉಳಿಯಿತು. ಒಂದು ಗೀರಾದರೂ ಇರಲಿ ದೇವರೇ ಎಂದು ಬೆರಳಾಡಿಸಿ ಹುಡುಕಿದೆ. ಇರಲಿಲ್ಲ.

ಮರುದಿನ ಹೆಂಡತಿ ಬುತ್ತಿ ತಂದ ಹೊತ್ತಿಗೇ, ಸುದ್ದಿ ಕೇಳಿ ಸಾವ್ಕಾರರು ಬಂದರು. ನೋಡಿದರು. "ಏನ್ ಚಂದ ಇಟ್ಟೀರಿ ಕಾಕು! ಇಷ್ಟು ದಿನಾ ಎಲ್ಲಿದ್ರಿ?" ಅಂದರು. ಇಷ್ಟು ದಿನ ತಲೆ ಕೆಡಿಸಿಕೊಂಡು, ಬೆನ್ನು ಮುರಿದುಕೊಂಡು ತಳ್ಳಿದ ನಾನು ಅಲ್ಲೇ ಕಂಬದ ಹಾಗೆ ನಿಂತಿದ್ದೆ. ಹಾಲಿನವನ ಮೇಲೆ, ನಾಯಿಯ ಮೇಲೆ ಬಂದ ಹೊಟ್ಟೆಕಿಚ್ಚೆಲ್ಲ ಇದರ ಮುಂದೆ ಏನೂ ಅಲ್ಲ. ಇದು ನನ್ನ ಮನೆಯ ಅಡಿಗೆ ಒಲೆಯಿಂದಲೇ ಬಂದ ಕಿಚ್ಚು.

"ಇದಕ್ಕ ನಿಮಗ ಒಂದು ರೌಂಡ್ ಆಗಲೇಬೇಕು, ಬರ್ರಿ," ಎಂದು ಸಾವ್ಕಾರರು ಅವಳನ್ನು ಕರೆದರು. ಅವಳು ಬೇಡವೆಂದಳು. ನಾನು ಬಿಡಲಿಲ್ಲ.

"ಹೋಗ, ಹೋಗ, ಚಂದ ಇರ್ತೈತಿ," ಎಂದು ನಾನೇ ಹತ್ತಿಸಿದೆ, ನಾನೇ ಬೆಲ್ಟು ಬಿಗಿದೆ. "ಸಾವ್ಕಾರ್ರ, ಲಗೂ ಇಳಸಬ್ಯಾಡ್ರಿ. ಮುಂಡಗೋಡದ ತನಕಾ ತೋರಸ್ರಿ, ಆಕಿ ತವರು ಆ ಕಡೇನ ಐತಿ."

ಅವರು ಮೇಲೆದ್ದರೋ ಇಲ್ಲವೋ, ಒಳಗಿನ ಎರಡನ್ನೂ ಹೊರಗೆಳೆದೆ. ಇದು ನನ್ನ ಉಸ್ತುವಾರಿಯ ಶೆಡ್ಡು, ಹೀಗೆ ಓರೆಕೋರೆ ನಡೆಯುವುದಿಲ್ಲ. ಬೆವರು ಹರಿಸಿ, ಗಾಳಿ ಬಿಟ್ಟು, ಮೂಗು ಆ ಕಡೆ ಬಾಲ ಈ ಕಡೆ ಮಾಡಿ, ನನ್ನ ಪದ್ಧತಿಯಂತೆ ಗಟ್ಟಿಯಾಗಿ ಜೋಡಿಸಿದೆ. ಸೊಂಟದ ಮೇಲೆ ಕೈ ಇಟ್ಟು ನಿಂತೆ. ಸಾವ್ಕಾರರ ವಿಮಾನ ಇಳಿದು ಬಾಗಿಲ ತನಕ ಉರುಳಿ ಬಂತು. ಬಂದು ಅಲ್ಲೇ ನಿಂತಿತು. ಅದು ಒಳಗೆ ಹೋಗಲು ಜಾಗವೇ ಇರಲಿಲ್ಲ. ಮೂರನೆಯದೊಂದು ಮೇಲಿದೆ ಎಂಬುದೇ ಆ ಅವಸರದಲ್ಲಿ ನನ್ನ ತಲೆಯಿಂದ ಹಾರಿಹೋಗಿತ್ತು.

ಹೆಂಡತಿ ಇಳಿದಳು. ಶೆಡ್ಡಿನೊಳಗೆ ಇಣುಕಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾವ್ಕಾರರ ಕಡೆ ತಿರುಗಿದಳು.

"ಸಾವ್ಕಾರ್ರ, ಇವರನ್ನ ಇನ್ನೊಂದ ರೌಂಡ್ ಮ್ಯಾಲ ಒಯ್ದ ಬರ್ತೀರೇನ್ರಿ? ಅಷ್ಟರಾಗ ನಾ ಇದನ್ನ ಸರಿ ಮಾಡ್ತೇನಿ."